ಮೂವತ್ತು ಲಕ್ಷ ವರ್ಷ ಹಿಂದಿನ ಬಿಸಿ ಭೂಮಿ ಮತ್ತು ಕಡಲಮಟ್ಟ: ಕೊಡಗಿನಲ್ಲಿ ಪದೇ ಪದೇ ಕೇಳುವ ಪ್ರಶ್ನೆಗಳು

ಹವಾಮಾನದ ಮಾಡೆಲ್‌ಗಳ, ಅಂದರೆ ಭೂಮಿಯ ಗಾಳಿ, ಕಡಲು, ಹಿಮವನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವ ತಂತ್ರಾಂಶಗಳ ಬಗ್ಗೆ ಮಾತು ಬಂದಾಗ ಕೊಡಗಿನ ಕಾಲೇಜು ವಿದ್ಯಾರ್ಥಿಗಳು, ಭೂಗೋಳದ ಮೇಷ್ಟ್ರುಗಳು, ತೋಟದಲ್ಲಿ ದಿನಾ ಬೆಳಿಗ್ಗೆ ಮಳೆ ಅಳೆದು ಡೈರಿಯಲ್ಲಿ ಬರೆದಿಡುವವರು ಕೇಳುವ ಪ್ರಶ್ನೆಗಳಿವು. ಸಲೀಸಾದ ಪ್ರಶ್ನೆಗೆ ಎರಡು ಸಾಲು, ತಕರಾರಿರುವ ಕಡೆ ಉದ್ದ ಉತ್ತರ.

ಯಾವ ಕಾಲದ ಮಾತು ಇದು?

ಮುಖ್ಯವಾಗಿ ಪ್ಲಿಯೋಸೀನ್ ಯುಗದ ನಡುವಿನ ಬಿಸಿ ಅವಧಿ. ಇಂದಿನಿಂದ 32.64 ಲಕ್ಷ ವರ್ಷ ಹಿಂದೆ ಶುರುವಾಗಿ 30.25 ಲಕ್ಷ ವರ್ಷ ಹಿಂದಿನವರೆಗೆ ನಡೆದದ್ದು. ಆ ಅವಧಿ ಪೂರ್ತಿ ಒಂದೇ ಹದದಲ್ಲಿ ಇರಲಿಲ್ಲ, ಏರಿಳಿತ ಇತ್ತು. ಹಾಗಾಗಿ ಈಚಿನ ಮಾಡೆಲ್‌ಗಳು ಅದರೊಳಗಿನ ಒಂದು ಚಿಕ್ಕ ತುಂಡನ್ನು, 32.05 ಲಕ್ಷ ವರ್ಷ ಹಿಂದಿನ ಕೆಎಂ5ಸಿ ಎಂಬ ಹಂತವನ್ನು, ಗುರಿ ಇಟ್ಟುಕೊಳ್ಳುತ್ತವೆ. ಆಗ ಸೂರ್ಯನ ಸುತ್ತ ಭೂಮಿಯ ಕಕ್ಷೆ ಹೆಚ್ಚುಕಡಿಮೆ ಇಂದಿನಂತೆಯೇ ಇತ್ತು. ಹೋಲಿಕೆ ಮಾಡುವಾಗ ಕಕ್ಷೆಯ ತಲೆನೋವು ತಪ್ಪುತ್ತದೆ.

ಎರಡನೆಯದು ಕಳೆದ ಅಂತರಹಿಮಯುಗ, ಅಂದರೆ ಎರಡು ಹಿಮಯುಗಗಳ ನಡುವಿನ ಬಿಸಿ ಅವಧಿ, ಸುಮಾರು 1.29 ಲಕ್ಷದಿಂದ 1.16 ಲಕ್ಷ ವರ್ಷ ಹಿಂದಿನದು. ಇವೆರಡನ್ನೂ ಒಂದೇ ಮಾತಿನಲ್ಲಿ ಬೆರೆಸುವುದು ದಿನಪತ್ರಿಕೆಗಳ ಹಳೆಯ ಚಾಳಿ. ಪ್ಲಿಯೋಸೀನ್‌ನಲ್ಲಿ ಇಂಗಾಲದ ಡೈಆಕ್ಸೈಡ್ 400 ಪಿಪಿಎಂ (ಹತ್ತು ಲಕ್ಷ ಪಾಲಿನಲ್ಲಿ 400) ಆಸುಪಾಸು ಇತ್ತು, ಬಿಸಿಗೆ ಅದೇ ದೊಡ್ಡ ಕಾರಣ. ಕಳೆದ ಅಂತರಹಿಮಯುಗದಲ್ಲಿ ಅದು ಬರೇ 275 ಪಿಪಿಎಂ, ಕೈಗಾರಿಕೆಗಳು ಬರುವ ಮುಂಚಿನ 280ಕ್ಕಿಂತ ಹೆಚ್ಚೇನಲ್ಲ. ಅಲ್ಲಿ ಬಿಸಿ ತಂದದ್ದು ಕಕ್ಷೆ, ಅಂದರೆ ಉತ್ತರಾರ್ಧಗೋಳದ ಬೇಸಿಗೆಗೆ ಬಿದ್ದ ಹೆಚ್ಚುವರಿ ಬಿಸಿಲು. ಇಂದು ಗಾಳಿಯಲ್ಲಿರುವುದು 420 ಪಿಪಿಎಂಗೂ ಮೇಲೆ.

ಕಡಲೇ ಇಲ್ಲದ ಕೊಡಗಿಗೆ ಕಡಲಮಟ್ಟ ಯಾಕೆ? ತಲಕಾವೇರಿ ಮುಳುಗುತ್ತಾ?

ಮುಳುಗುವುದಿಲ್ಲ. ತಲಕಾವೇರಿ ಇರುವುದು 1,276 ಮೀಟರ್ ಎತ್ತರದಲ್ಲಿ. ಭೂಮಿಯ ಮೇಲಿನ ಹಿಮ ಪೂರ್ತಿ ಕರಗಿದರೂ ಕಡಲು ಏರುವುದು ಹೆಚ್ಚೆಂದರೆ 65 ಮೀಟರ್ ಚಿಲ್ಲರೆ. ಆದರೆ ಕಾವೇರಿ ಕಡಲು ಸೇರುವುದು ತಂಜಾವೂರು ಕಡೆಯ ತಗ್ಗು ಮುಖಜಭೂಮಿಯಲ್ಲಿ, ಕೊಡಗಿನ ಇನ್ನೊಂದು ನದಿ ಬಾರಾಪೊಳೆ ಹರಿದು ಕಡಲು ಸೇರುವುದು ಕಣ್ಣೂರಿನ ವಳಪಟ್ಟಣದಲ್ಲಿ. ಅಲ್ಲೆಲ್ಲ ಒಂದೆರಡು ಮೀಟರೂ ಲೆಕ್ಕಕ್ಕೆ ಬರುತ್ತದೆ. ಕೊಡಗಿನ ಮಟ್ಟಿಗೆ ನೇರ ಸಂಬಂಧ ಇರುವುದು ಮುಂಗಾರಿನದ್ದು. ಹಿಮ ಕರಗಿ, ಕಡಲು ಬಿಸಿಯಾಗಿದ್ದ ಭೂಮಿಯಲ್ಲಿ ಅರಬ್ಬಿ ಸಮುದ್ರದ ಮೇಲಿನ ಗಾಳಿ ಘಟ್ಟಕ್ಕೆ ಎಷ್ಟು ನೀರು ಹೊತ್ತು ತರುತ್ತಿತ್ತು ಎಂಬ ಪ್ರಶ್ನೆಗೂ ಈ ಮಾಡೆಲ್‌ಗಳೇ ಉತ್ತರ ಹುಡುಕುತ್ತವೆ.

ಮಾಡೆಲ್‌ಗೆ ಏನೇನು ಕೊಡಬೇಕು?

ಮಾಡೆಲ್ ತಾನಾಗಿ ಪ್ಲಿಯೋಸೀನ್‌ಗೆ ಹೋಗುವುದಿಲ್ಲ. ಇಂದಿನ ಹವಾಮಾನಕ್ಕೆ ಬಳಸುವ ಅದೇ ಮಾಡೆಲ್, ಅದೇ ಭೌತಶಾಸ್ತ್ರ. ಬದಲಾಗುವುದು ಅದಕ್ಕೆ ಕೊಡುವ ಗಡಿ ಸ್ಥಿತಿಗಳು. ಪ್ಲಿಯೋಸೀನ್ ಮಾಡೆಲ್ ಹೋಲಿಕೆ ಯೋಜನೆ, ಅಂದರೆ ಪ್ಲಿಯೋಮಿಪ್, ಇದರ ಎರಡನೇ ಹಂತದಲ್ಲಿ ಎಲ್ಲರೂ ಬಳಸಿದ್ದು ಅಮೆರಿಕದ ಭೂವಿಜ್ಞಾನ ಸರ್ವೇಕ್ಷಣೆಯ ಪ್ರಿಸಂ4 ಎಂಬ ಕಡತ. ಅದರಲ್ಲಿ ನೆಲದ ಎತ್ತರ ಮತ್ತು ಕಡಲ ತಳ, ಹಿಮಹಾಳೆಗಳ (ಗ್ರೀನ್‌ಲ್ಯಾಂಡ್, ಅಂಟಾರ್ಕ್ಟಿಕಾದಂಥ ನೆಲ ಮುಚ್ಚಿದ ದಪ್ಪ ಹಿಮ) ಹರವು, ಕಾಡು ಹುಲ್ಲುಗಾವಲು ಎಲ್ಲೆಲ್ಲಿ, ಮಣ್ಣು, ಕೆರೆಗಳು ಎಲ್ಲ ಇವೆ. ಡೈಆಕ್ಸೈಡ್ 400 ಪಿಪಿಎಂ.

ಇದರಲ್ಲಿ ಎಡವುವ ಜಾಗ ಕಡಲ ದಾರಿಗಳು. ಪ್ರಿಸಂ4 ಪ್ರಕಾರ ಬೇರಿಂಗ್ ಜಲಸಂಧಿ ಮುಚ್ಚಿತ್ತು, ಕೆನಡಾದ ಉತ್ತರದ ದ್ವೀಪಗಳ ನಡುವಿನ ದಾರಿಗಳೂ ಮುಚ್ಚಿದ್ದವು, ಹಡ್ಸನ್ ಕೊಲ್ಲಿ ಇದ್ದ ಜಾಗ ನೆಲವಾಗಿತ್ತು. ಇವನ್ನು ತೆರೆದೇ ಬಿಟ್ಟರೆ ಆರ್ಕ್ಟಿಕ್‌ನ ಸಿಹಿನೀರು ಉತ್ತರ ಅಟ್ಲಾಂಟಿಕ್‌ಗೆ ಇಳಿದು, ಅಲ್ಲಿನ ಆಳ ಪ್ರವಾಹ ಸಡಿಲವಾಗಿ, ಯುರೋಪಿನ ಪಕ್ಕದ ಕಡಲು ಬೇಕಾದಷ್ಟು ಬಿಸಿಯಾಗುವುದೇ ಇಲ್ಲ. ಮಾಡೆಲ್ ಭೂಮಿಯನ್ನು ಚೌಕಗಳಾಗಿ ಹಂಚಿಕೊಳ್ಳುತ್ತದೆ, ಅದೇ ಗ್ರಿಡ್. ಒಂದು ಗ್ರಿಡ್ ಚೌಕದ ‘ನೀರು’ ಎಂಬ ಗುರುತನ್ನು ‘ನೆಲ’ ಎಂದು ಬದಲಾಯಿಸಲು ಮರೆತರೆ ಸಾಕು, ಇಡೀ ಓಟ, ಅಂದರೆ ಮಾಡೆಲ್ ಓಡಿಸಿದ್ದೆಲ್ಲ, ದಂಡ. ನದಿಗಳ ದಿಕ್ಕನ್ನೂ ಹೊಸ ನೆಲಕ್ಕೆ ಸರಿಯಾಗಿ ತಿದ್ದಬೇಕು. ಇಲ್ಲವಾದರೆ ನದಿ ನೀರು ನೆಲದ ನಡುವೆಯೇ ಮಾಯವಾಗಿ ಕಡಲಿನ ಉಪ್ಪಿನ ಲೆಕ್ಕ ತಪ್ಪುತ್ತಾ ಹೋಗುತ್ತದೆ. ಇದು ನೂರು ವರ್ಷ ಓಡಿಸಿದ ಮೇಲೆ ಗೊತ್ತಾಗುವ ಬಗೆಯ ತಪ್ಪು.

ಇ280, ಇ400, ಇಒಐ400 ಅಂತ ಬರೆದಿರುತ್ತಾರಲ್ಲ, ಏನದು?

ಪ್ರಯೋಗದ ಹೆಸರುಗಳು. ‘ಇ’ ಅಂದರೆ ಪ್ರಯೋಗ. ‘ಒ’ ಇದ್ದರೆ ನೆಲದ ಎತ್ತರ ಮತ್ತದರ ಜೊತೆಗಿನ ಬದಲಾವಣೆಗಳು ಪ್ಲಿಯೋಸೀನ್‌ನವು, ‘ಐ’ ಇದ್ದರೆ ಹಿಮಹಾಳೆ ಪ್ಲಿಯೋಸೀನ್‌ನದು, ಕೊನೆಯ ಅಂಕಿ ಡೈಆಕ್ಸೈಡ್. ಇ280 ಕೈಗಾರಿಕೆಗೆ ಮುಂಚಿನ ಭೂಮಿ. ಇ400ರಲ್ಲಿ ಬರೇ ಡೈಆಕ್ಸೈಡ್ ಏರಿಸಿದೆ, ಉಳಿದದ್ದು ಇಂದಿನಂತೆ. ಇಒಐ400 ಪೂರ್ತಿ ಪ್ಲಿಯೋಸೀನ್. ಒಂದರಿಂದ ಇನ್ನೊಂದನ್ನು ಕಳೆದರೆ ಬಿಸಿಯಲ್ಲಿ ಯಾವುದರ ಪಾಲು ಎಷ್ಟು ಎಂದು ಬಿಡಿಸಬಹುದು. ಡೌನ್‌ಲೋಡ್ ಮಾಡುವ ಮುಂಚೆ ಹೆಸರು ಎರಡು ಸಲ ಓದಿ. ಇ400ರ ಕಡತ ತೆಗೆದುಕೊಂಡು ಪ್ಲಿಯೋಸೀನ್ ಎಂದು ಪ್ರಾಜೆಕ್ಟ್ ವರದಿ ಬರೆಯುವುದು ಸುಲಭ, ಆಮೇಲೆ ತಿದ್ದುವುದು ಕಷ್ಟ.

ಎಷ್ಟು ಬಿಸಿಯಾಗಿತ್ತು?

ಪ್ಲಿಯೋಮಿಪ್ ಎರಡನೇ ಹಂತದ ಮಾಡೆಲ್‌ಗಳ ಸರಾಸರಿ ಕೈಗಾರಿಕಾಪೂರ್ವಕ್ಕಿಂತ 3.2 ಡಿಗ್ರಿ ಹೆಚ್ಚು. ಒಂದೊಂದನ್ನೇ ನೋಡಿದರೆ 1.7ರಿಂದ 5.2 ಡಿಗ್ರಿವರೆಗೆ ಹರಡಿದೆ. ಧ್ರುವಗಳ ಕಡೆ ಏರಿಕೆ ಜಾಗತಿಕ ಸರಾಸರಿಯ ಎರಡು ಪಟ್ಟಿಗೂ ಮೇಲೆ. ಕೆನಡಾದ ಎಲ್ಸ್‌ಮಿಯರ್ ದ್ವೀಪದಲ್ಲಿ, ಇವತ್ತು ಮರವೇ ಬೆಳೆಯದ ಕಡೆ, ಆ ಯುಗದ ಮರದ ತುಂಡುಗಳು, ಬೀವರ್ ಮತ್ತು ಒಂಟೆಯ ಪಳೆಯುಳಿಕೆಗಳು ಸಿಕ್ಕಿವೆ.

ಇಲ್ಲಿ ಕೈಲೆಕ್ಕ ಒಂದನ್ನು ಹಾಕಿ ನೋಡುವುದು ಒಳ್ಳೆಯದು. ಡೈಆಕ್ಸೈಡ್ 280ರಿಂದ 400ಕ್ಕೆ ಏರಿದರೆ ಹೆಚ್ಚುವ ಶಾಖ ಚದರ ಮೀಟರಿಗೆ 5.35 × ಲಾಗ್(400/280), ಸುಮಾರು 1.9 ವ್ಯಾಟ್. ಲಾಗ್ ಸ್ವಾಭಾವಿಕ ಲಾಗ್ ಆಗಿರಬೇಕು, ಹತ್ತರದ್ದಲ್ಲ. ಡೈಆಕ್ಸೈಡ್ ದುಪ್ಪಟ್ಟಾದರೆ ಬರುವ 3.7 ವ್ಯಾಟ್‌ನ ಅರ್ಧದಷ್ಟು ಇದು. ದುಪ್ಪಟ್ಟಿಗೆ 3 ಡಿಗ್ರಿ ಎಂದು ಹಿಡಿದರೆ ಬಿಸಿ ಒಂದೂವರೆ ಡಿಗ್ರಿ ಮಾತ್ರ ಆಗಬೇಕಿತ್ತು. ಮಾಡೆಲ್‌ಗಳು ಕೊಟ್ಟದ್ದು 3.2. ಮಾಡೆಲ್‌ಗಳ ಸರಾಸರಿ ಸಂವೇದನೆ (ಡೈಆಕ್ಸೈಡ್ ದುಪ್ಪಟ್ಟಾದರೆ ಎಷ್ಟು ಡಿಗ್ರಿ ಬಿಸಿ ಎಂಬುದು) 3 ಡಿಗ್ರಿಗಿಂತ ಹೆಚ್ಚಿರುವುದು ಇದಕ್ಕೆ ಒಂದು ಕಾರಣ. ಉಳಿದದ್ದು ನಿಧಾನವಾಗಿ ಬದಲಾಗುವ ಸಂಗತಿಗಳದ್ದು: ಹಿಮಹಾಳೆ ಕುಗ್ಗಿ ಬಿಳಿ ನೆಲ ಕಪ್ಪಾದದ್ದು, ಟಂಡ್ರಾದ ಮೇಲೆ ಕಾಡು ಹಬ್ಬಿದ್ದು, ನೆಲ ಮತ್ತು ಕಡಲ ದಾರಿ ಬದಲಾದದ್ದು. ಇವೆಲ್ಲ ಸೇರಿದ ದೀರ್ಘಕಾಲದ ಸಂವೇದನೆ, ನೂರಾರು ವರ್ಷದ ಲೆಕ್ಕದ ಸಂವೇದನೆಗಿಂತ ಸುಮಾರು ಮೂರನೇ ಎರಡು ಭಾಗದಷ್ಟು ಜಾಸ್ತಿ ಎಂದು ಆ ಹೋಲಿಕೆಯಲ್ಲಿ ಕಂಡುಬಂತು.

ಕಡಲಮಟ್ಟ ಎಷ್ಟಿತ್ತು? ಒಂದೇ ಸಂಖ್ಯೆ ಹೇಳಿಬಿಡಿ.

ಒಂದೇ ಸಂಖ್ಯೆ ಹೇಳುವವರನ್ನು ನಂಬಬೇಡಿ. ಹಳೆಯ ಅಂದಾಜುಗಳಲ್ಲಿ 25 ಮೀಟರ್ ಎಂದಿರುತ್ತಿತ್ತು. 2012ರ ಒಂದು ದೊಡ್ಡ ಅಧ್ಯಯನ 22 ಮೀಟರ್ ಎಂದಿತು, ಆಚೀಚೆ 10 ಮೀಟರ್ ತಪ್ಪಿನ ಅವಕಾಶದೊಂದಿಗೆ. 2019ರಲ್ಲಿ ಸ್ಪೇನಿನ ಮಯೋರ್ಕಾ ದ್ವೀಪದ ಗುಹೆಯಲ್ಲಿ ಉಳಿದ ಹಳೆಯ ಕಡಲಮಟ್ಟದ ಗುರುತಿನಿಂದ ಬಂದದ್ದು 16.2 ಮೀಟರ್, ಆದರೆ 5.6ರಿಂದ 19.2ರವರೆಗೆ ಎಲ್ಲಿ ಬೇಕಾದರೂ ಇರಬಹುದು ಎಂಬ ಷರತ್ತಿನ ಮೇಲೆ. ಅದೇ ವರ್ಷ ನ್ಯೂಜಿಲೆಂಡಿನ ವಾಂಗಾನುಯಿ ಕಡೆಯ ಕಡಲ ಮರಳಿನ ಕಣಗಳ ಗಾತ್ರದಿಂದ ಲೆಕ್ಕ ಹಾಕಿದವರು, ಬಿಸಿ ಹಂತಕ್ಕೂ ತಂಪು ಹಂತಕ್ಕೂ ನಡುವಿನ ಏರಿಳಿತ ಸರಾಸರಿ 13 ಮೀಟರ್, ಆಚೀಚೆ 5 ಎಂದರು. ಇದು ಏರಿಳಿತದ ಅಳತೆ, ಇಂದಿನ ಮಟ್ಟಕ್ಕಿಂತ ಎಷ್ಟು ಮೇಲೆ ಎಂಬುದಲ್ಲ. ಎರಡನ್ನೂ ಒಂದೇ ಕೋಷ್ಟಕದ ಒಂದೇ ಕಾಲಮ್ಮಿನಲ್ಲಿ ಬರೆದಿರುವುದು ಆಗಾಗ ಕಾಣುತ್ತದೆ. ಅದು ತಪ್ಪು.

ಇಷ್ಟೊಂದು ವ್ಯತ್ಯಾಸ ಯಾಕೆ? ಕಡಲ ಗುರುತು ಇದ್ದರೆ ಟೇಪ್ ಹಿಡಿದು ಅಳೆದರೆ ಆಗದೇ?

ಅಳೆಯಬಹುದು, ಆದರೆ ಗುರುತು ಹೊತ್ತ ನೆಲ ಅಲ್ಲೇ ಕೂತಿಲ್ಲ. ಅಮೆರಿಕದ ಆಗ್ನೇಯ ಭಾಗದಲ್ಲಿ ಪ್ಲಿಯೋಸೀನ್ ಕಡಲು ಕೊರೆದ ದಂಡೆಯೊಂದು ನೂರಾರು ಕಿಲೋಮೀಟರ್ ಉದ್ದಕ್ಕೆ ಉಳಿದಿದೆ. ಕೊರೆದಾಗ ಒಂದೇ ಮಟ್ಟದಲ್ಲಿ ಇದ್ದಿರಲೇಬೇಕು. ಇವತ್ತು ಅದರ ಒಂದು ತುದಿಗೂ ಇನ್ನೊಂದು ತುದಿಗೂ ಹತ್ತಾರು ಮೀಟರ್ ವ್ಯತ್ಯಾಸ. ಭೂಮಿಯೊಳಗೆ ಹೊರಪದರದ ಕೆಳಗಿರುವ ಮ್ಯಾಂಟಲ್ ಎಂಬ ಬಂಡೆಯ ಪದರ ನಿಧಾನವಾಗಿ ಹರಿಯುತ್ತಾ ಮೇಲಿನ ನೆಲವನ್ನು ಎತ್ತುತ್ತದೆ, ಇಳಿಸುತ್ತದೆ. ಮೂವತ್ತು ಲಕ್ಷ ವರ್ಷದಲ್ಲಿ ಆ ಚಲನೆ, ನಾವು ಅಳೆಯಬೇಕೆಂದಿರುವ ಕಡಲಿನ ಏರಿಕೆಯಷ್ಟೇ ದೊಡ್ಡದಾಗಬಹುದು. ಇದರ ಜೊತೆಗೆ ಹಿಮದ ಭಾರ ಹೋದಾಗ ನೆಲ ಪುಟಿಯುವುದು ಬೇರೆ. ಹಿಮಹಾಳೆ ತನ್ನ ಗುರುತ್ವದಿಂದ ಸುತ್ತಲಿನ ಕಡಲನ್ನು ತನ್ನತ್ತ ಎಳೆದುಕೊಂಡಿರುತ್ತದೆ. ಅದು ಕರಗಿದರೆ ಹತ್ತಿರದ ಕಡಲು ಇಳಿಯುತ್ತದೆ, ದೂರದ್ದು ಸರಾಸರಿಗಿಂತ ಹೆಚ್ಚು ಏರುತ್ತದೆ. ಗ್ರೀನ್‌ಲ್ಯಾಂಡ್ ಕರಗಿದರೆ ಅದರ ಸ್ವಂತ ದಡದಲ್ಲಿ ನೀರು ಇಳಿಯುತ್ತದೆ ಎಂದರೆ ಮೊದಲ ಸಲ ಯಾರೂ ನಂಬುವುದಿಲ್ಲ.

ಇನ್ನೊಂದು ದಾರಿ ಕಡಲತಳದ ಸೂಕ್ಷ್ಮಜೀವಿ ಫೊರಾಮಿನಿಫೆರಾದ ಚಿಪ್ಪು. ಹಗುರ ಆಮ್ಲಜನಕ ಹಿಮದಲ್ಲಿ ಸಿಕ್ಕಿಕೊಂಡರೆ ಕಡಲಲ್ಲಿ ಭಾರದ ಆಮ್ಲಜನಕದ, ಅಂದರೆ ಆಮ್ಲಜನಕ-18ರ ಪಾಲು ಏರುತ್ತದೆ, ಅದು ಚಿಪ್ಪಿನಲ್ಲಿ ದಾಖಲಾಗುತ್ತದೆ. 10 ಮೀಟರ್ ಕಡಲಮಟ್ಟಕ್ಕೆ ಸಾವಿರದಲ್ಲಿ ಸುಮಾರು 0.1 ಭಾಗದ ಬದಲಾವಣೆ. ಆದರೆ ಅದೇ ಚಿಪ್ಪು ನೀರಿನ ಉಷ್ಣತೆಯನ್ನೂ ದಾಖಲಿಸುತ್ತದೆ, ಒಂದು ಡಿಗ್ರಿಗೆ ಸಾವಿರದಲ್ಲಿ 0.22ರಿಂದ 0.25. ಅಂದರೆ ಆಳದ ನೀರಿನ ಉಷ್ಣತೆಯ ಅಂದಾಜು ಅರ್ಧ ಡಿಗ್ರಿ ತಪ್ಪಿದರೆ ಕಡಲಮಟ್ಟ ಹನ್ನೊಂದು ಹನ್ನೆರಡು ಮೀಟರ್ ತಪ್ಪುತ್ತದೆ. ಉಷ್ಣತೆಯನ್ನು ಬೇರೆಯಾಗಿ ತಿಳಿಯಲು ಚಿಪ್ಪಿನ ಮೆಗ್ನೀಸಿಯಂ ಮತ್ತು ಕ್ಯಾಲ್ಸಿಯಂ ಅನುಪಾತ ನೋಡುತ್ತಾರೆ. ಆದರೆ ಲಕ್ಷಾಂತರ ವರ್ಷದಲ್ಲಿ ಕಡಲ ನೀರಿನ ಅನುಪಾತವೇ ಬದಲಾಗಿದೆ, ಅದಕ್ಕೂ ಒಂದು ತಿದ್ದುಪಡಿ ಬೇಕು. ತಿದ್ದುಪಡಿಯ ಮೇಲೆ ತಿದ್ದುಪಡಿ. ಅದಕ್ಕೇ ಯಾವ ವರದಿಯಲ್ಲಾದರೂ ಮೀಟರ್ ನೋಡುವ ಮುಂಚೆ, ಆ ಸಂಖ್ಯೆ ಯಾವ ತಿದ್ದುಪಡಿಗಳ ಮೇಲೆ ನಿಂತಿದೆ ಎಂದು ಹುಡುಕಿ.

ಹಿಮದ ಲೆಕ್ಕದಿಂದ ಮಿತಿ ಹಾಕಬಹುದಲ್ಲ?

ಹಾಕಬಹುದು, ಹಾಕಲೇಬೇಕು. ಗ್ರೀನ್‌ಲ್ಯಾಂಡ್ ಪೂರ್ತಿ ಕರಗಿದರೆ ಕಡಲು ಏರುವುದು 7.4 ಮೀಟರ್. ಪಶ್ಚಿಮ ಅಂಟಾರ್ಕ್ಟಿಕಾದಲ್ಲಿ ಕಡಲಮಟ್ಟಕ್ಕಿಂತ ಕೆಳಗೆ ಕೂತು ಸುಲಭವಾಗಿ ಕುಸಿಯಬಲ್ಲ ಹಿಮದಿಂದ 3.3 ಮೀಟರ್. ನೀರು ಬಿಸಿಯಾಗಿ ಹಿಗ್ಗುವುದು ಸಾವಿರಾರು ವರ್ಷದಲ್ಲಿ ಡಿಗ್ರಿಗೆ ಸುಮಾರು 0.4 ಮೀಟರ್, 3 ಡಿಗ್ರಿಗೆ 1.2. ಕೂಡಿದರೆ 12 ಮೀಟರ್. ಇದಕ್ಕಿಂತ ಮೇಲಿನ ಯಾವ ಅಂದಾಜಾದರೂ ಪೂರ್ವ ಅಂಟಾರ್ಕ್ಟಿಕಾದಿಂದ ಹಿಮ ಕೇಳುತ್ತಿದೆ ಎಂದರ್ಥ. ಅಲ್ಲಿ ಕಡಲನ್ನು 50 ಮೀಟರಿಗೂ ಮೇಲೆ ಏರಿಸಬಲ್ಲಷ್ಟು ಹಿಮ ಇದೆ. ಆದರೆ ಬೇಗ ಕೈಕೊಡುವುದು ಕಡಲಮಟ್ಟಕ್ಕಿಂತ ಕೆಳಗಿರುವ ವಿಲ್ಕ್ಸ್ ಮತ್ತು ಅರೋರಾ ಎಂಬ ತಗ್ಗುಗಳದ್ದು ಮಾತ್ರ.

ಸಾಕ್ಷ್ಯ ಇಲ್ಲದೇ ಇಲ್ಲ. ವಿಲ್ಕ್ಸ್ ತಗ್ಗಿನೆದುರಿನ ಕಡಲತಳದ ಕೆಸರಿನಲ್ಲಿ, ಪ್ಲಿಯೋಸೀನ್‌ನ ಬಿಸಿ ಹಂತಗಳಲ್ಲಿ ಹಿಮ ಒಳಕ್ಕೆ ಸರಿದಿದ್ದರ ಗುರುತಿದೆ. ಅಂಟಾರ್ಕ್ಟಿಕಾದ ಅಂಚಿನಲ್ಲಿ ಕಡಲ ಮೇಲೆ ತೇಲುವ ರಾಸ್ ಹಿಮಚಪ್ಪರದ ಕೆಳಗೆ ಆಂಡ್ರಿಲ್ ಎಂಬ ಕೊರೆತದ ಯೋಜನೆ ತೆಗೆದ ಕೆಸರಿನಲ್ಲಿ ಹಿಮ ಇದ್ದ ಕಾಲದ ಪದರ, ತೆರೆದ ನೀರಿನಲ್ಲಿ ಬೆಳೆಯುವ ಡಯಾಟಂ ಎಂಬ ಸೂಕ್ಷ್ಮ ಪಾಚಿಯ ಪದರ, ಮತ್ತೆ ಹಿಮ, ಹೀಗೆ ಸುಮಾರು 40,000 ವರ್ಷದ ತಾಳದಲ್ಲಿ ಬದಲಾಗಿದೆ. ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾ ಒಂದೇ ಹೊತ್ತಿಗೆ ಕರಗಿರಬೇಕೆಂದೇನೂ ಇಲ್ಲ. ಕಕ್ಷೆ ಉತ್ತರದ ಬೇಸಿಗೆಗೆ ಬಿಸಿಲು ಕೊಟ್ಟಾಗ ದಕ್ಷಿಣದ ಬೇಸಿಗೆಗೆ ಕಡಿಮೆಯಾಗಬಹುದು. ಎರಡರ ಗರಿಷ್ಠವನ್ನೂ ಕೂಡಿಸಿಬಿಟ್ಟರೆ ಮೊತ್ತ ಉಬ್ಬುತ್ತದೆ.

ಹಿಮಹಾಳೆಯ ಮಾಡೆಲ್‌ಗಳು ಎಲ್ಲಿ ಕೈಕೊಡುತ್ತವೆ?

ನಾಲ್ಕೈದು ಕಡೆ. ಮೊದಲನೆಯದು ಮೇಲ್ಮೈ ಕರಗುವಿಕೆ. ಹೆಚ್ಚಿನವರು ಬಳಸುವುದು ಡಿಗ್ರಿ-ದಿನದ ಲೆಕ್ಕ: ಸೊನ್ನೆಗಿಂತ ಮೇಲಿನ ಪ್ರತಿ ಡಿಗ್ರಿಗೆ ದಿನಕ್ಕೆ ಹೊಸ ಹಿಮವಾದರೆ 3 ಮಿ.ಮೀ., ಗಟ್ಟಿ ಹಿಮವಾದರೆ 8 ಮಿ.ಮೀ. ನೀರು. ಈ ಅಂಕಿಗಳು ಇಂದಿನ ಗ್ರೀನ್‌ಲ್ಯಾಂಡ್‌ನಲ್ಲಿ ಅಳೆದವು. ಬಿಸಿಲಿನ ಕೋನ ಬೇರೆ ಇದ್ದ ಕಾಲಕ್ಕೆ, ಅದರಲ್ಲೂ ಕಳೆದ ಅಂತರಹಿಮಯುಗಕ್ಕೆ, ಇವನ್ನು ಹಾಗೇ ಹಾಕಿದರೆ ಕರಗುವಿಕೆ ಕಮ್ಮಿ ಬರುತ್ತದೆ, ಯಾಕೆಂದರೆ ನೇರ ಬಿಸಿಲಿನ ಪಾಲು ಲೆಕ್ಕಕ್ಕೆ ಸೇರುವುದೇ ಇಲ್ಲ.

ಎರಡನೆಯದು ಎತ್ತರ. ಹವಾಮಾನ ಮಾಡೆಲ್ ಕೊಡುವ ಉಷ್ಣತೆ ದೊಡ್ಡ ಚೌಕದ ಸರಾಸರಿ ಎತ್ತರದ್ದು. ಅದನ್ನು ಹಿಮದ ನಿಜವಾದ ಎತ್ತರಕ್ಕೆ ಇಳಿಸಬೇಕು, ಕಿಲೋಮೀಟರಿಗೆ ಸುಮಾರು 6.5 ಡಿಗ್ರಿಯಂತೆ. ಮಂಗಳೂರಿಗಿಂತ ಮಡಿಕೇರಿ ಏಳು ಡಿಗ್ರಿಯಷ್ಟು ತಂಪಿರುವುದು ಇದೇ ಲೆಕ್ಕದಿಂದ. ಈ ತಿದ್ದುಪಡಿ ಬಿಟ್ಟರೆ, ಕರಗಿ ತಗ್ಗಾದ ಹಿಮ ಇನ್ನಷ್ಟು ಬಿಸಿ ಗಾಳಿಗೆ ಸಿಕ್ಕಿ ಇನ್ನೂ ಬೇಗ ಕರಗುವುದು ಮಾಡೆಲ್‌ಗೆ ಗೊತ್ತೇ ಆಗುವುದಿಲ್ಲ.

ಮೂರನೆಯದು, ನಮ್ಮ ದೃಷ್ಟಿಯಲ್ಲಿ ಎಲ್ಲಕ್ಕಿಂತ ದೊಡ್ಡದು, ನೆಲಗಚ್ಚು ರೇಖೆ. ಹಿಮ ನೆಲ ಬಿಟ್ಟು ನೀರಿನ ಮೇಲೆ ತೇಲಲು ಶುರುವಾಗುವ ಜಾಗ ಅದು. ಅಲ್ಲಿ ಗ್ರಿಡ್ ಒಂದು ಕಿಲೋಮೀಟರ್ ಆಸುಪಾಸು ಸಣ್ಣದಿರಬೇಕು. ಲಕ್ಷ ವರ್ಷ ಓಡಿಸಬೇಕಾದವರಿಗೆ ಅಷ್ಟು ಸಣ್ಣ ಗ್ರಿಡ್ ಕೈಗೆಟುಕದು, 20ರಿಂದ 40 ಕಿ.ಮೀ. ಗ್ರಿಡ್‌ಗೆ ಹೋಗುತ್ತಾರೆ. ವಿಶೇಷ ತಿದ್ದುಪಡಿ ಇಲ್ಲದಿದ್ದರೆ ರೇಖೆ ಅಂಟಿಕೊಂಡಂತೆ ಅಲ್ಲೇ ನಿಲ್ಲುತ್ತದೆ, ಅಂಟಾರ್ಕ್ಟಿಕಾ ಅಲುಗುವುದಿಲ್ಲ, ಬಳಸಿದವರು ‘ಹಿಮ ಭದ್ರವಾಗಿದೆ’ ಎಂದು ಬರೆಯುತ್ತಾರೆ.

ಇದಕ್ಕೆ ಎದುರಾದ ತಕರಾರು ಹಿಮದ ಬಂಡೆಗೋಡೆಯದ್ದು. ನೀರಿನ ಮೇಲೆ ಸುಮಾರು 100 ಮೀಟರ್ ಎದ್ದು ನಿಂತ ಹಿಮದ ಗೋಡೆ ತನ್ನ ಭಾರಕ್ಕೇ ಕುಸಿಯುತ್ತದೆ ಎಂಬ ಪ್ರಕ್ರಿಯೆಯನ್ನು ಡಿಕಾಂಟೊ ಮತ್ತು ಪೊಲ್ಲಾರ್ಡ್ ಎಂಬ ವಿಜ್ಞಾನಿಗಳು ತಮ್ಮ 2016ರ ಅಧ್ಯಯನದ ಮಾಡೆಲ್‌ನಲ್ಲಿ ಬಳಸಿದರು. ಪ್ಲಿಯೋಸೀನ್ ಕಡಲಮಟ್ಟ ಸರಿಹೊಂದುವಂತೆ ಅದರ ವೇಗವನ್ನು ಹೊಂದಿಸಿದರು. ಪ್ಲಿಯೋಸೀನ್ ಮಟ್ಟ 20 ಮೀಟರ್ ಎಂದು ಹಿಡಿದರೆ ಈ ಪ್ರಕ್ರಿಯೆ ಬೇಕೇಬೇಕು ಅನಿಸುತ್ತದೆ. 10 ಮೀಟರ್ ಎಂದರೆ ಬಹುಶಃ ಬೇಡ. ಹಾಗಾಗಿ ಗುಹೆಯಲ್ಲಿ ಅಳೆದ ಅಂಕಿ ಆಚೀಚೆಯಾದರೆ ಮುಂದಿನ ಶತಮಾನಗಳ ಮುನ್ನೋಟವೂ ಆಚೀಚೆಯಾಗುತ್ತದೆ. ಹಳೆಯ ಕಡಲಮಟ್ಟದ ಬಗ್ಗೆ ಇಷ್ಟು ಜಗಳ ಇರುವುದು ಇದಕ್ಕೇ.

ಶುರುವಿನ ಸ್ಥಿತಿಯನ್ನೂ ಮರೆಯಬೇಡಿ. ಇಂದಿನ ಗ್ರೀನ್‌ಲ್ಯಾಂಡ್ ಇಟ್ಟು ಬಿಸಿ ಮಾಡಿದರೆ ಒಂದು ಉತ್ತರ, ಬರಿನೆಲದಿಂದ ಶುರುಮಾಡಿ ಅದೇ ಹವಾಮಾನ ಕೊಟ್ಟರೆ ಇನ್ನೊಂದು. ಇದ್ದ ಹಿಮ ತನ್ನ ಎತ್ತರದಿಂದಲೇ ತನ್ನನ್ನು ತಂಪಾಗಿ ಇಟ್ಟುಕೊಳ್ಳುತ್ತದೆ. ಎರಡೂ ಬಗೆಯಲ್ಲಿ ಓಡಿಸಿ, ಎರಡನ್ನೂ ವರದಿಯಲ್ಲಿ ಕೊಡಿ.

ಮಾಡೆಲ್‌ನಲ್ಲಿ ಕೊಡಗು ಎಲ್ಲಿ ಕಾಣುತ್ತದೆ?

ಕಾಣುವುದಿಲ್ಲ. ಕೊಡಗಿನ ವಿಸ್ತೀರ್ಣ 4,102 ಚದರ ಕಿ.ಮೀ. ಒಂದು ಡಿಗ್ರಿ ಗ್ರಿಡ್‌ನ ಒಂದು ಚೌಕ ನಮ್ಮ ಅಕ್ಷಾಂಶದಲ್ಲಿ ಸುಮಾರು 12,000 ಚದರ ಕಿ.ಮೀ. ಆ ಚೌಕದಲ್ಲಿ ಕೊಡಗು, ಕೇರಳದ ಕರಾವಳಿಯ ತುಂಡು, ಹುಣಸೂರು ಪಿರಿಯಾಪಟ್ಟಣದ ಬಯಲು ಎಲ್ಲ ಕಲಸಿಹೋಗಿರುತ್ತದೆ. ಹ್ಯಾಡ್‌ಸಿಎಂ3ರಂಥ ಹಳೆಯ ಮಾಡೆಲ್‌ನ ಚೌಕ 2.5 ಡಿಗ್ರಿ ಅಕ್ಷಾಂಶ, 3.75 ಡಿಗ್ರಿ ರೇಖಾಂಶ, ಅಂದರೆ ಕರ್ನಾಟಕದ ಅರ್ಧಕ್ಕಿಂತ ದೊಡ್ಡದು. 1,748 ಮೀಟರಿನ ತಡಿಯಂಡಮೋಳ್ ಅದರಲ್ಲಿ ಸವೆದು ಕೆಲವು ನೂರು ಮೀಟರಿನ ಇಳಿಜಾರಾಗುತ್ತದೆ. ಗಾಳಿಯನ್ನು ಮೇಲಕ್ಕೆ ತಳ್ಳುವ ಘಟ್ಟವೇ ಇಲ್ಲದ ಮೇಲೆ ಘಟ್ಟದ ಮಳೆ ಎಲ್ಲಿಂದ ಬರಬೇಕು? ಭಾಗಮಂಡಲದಲ್ಲಿ ವರ್ಷಕ್ಕೆ ಇನ್ನೂರು ಇಂಚಿನ ಆಸುಪಾಸು ಬೀಳುವ ಮಳೆ ಕುಶಾಲನಗರಕ್ಕೆ ಬರುವಷ್ಟರಲ್ಲಿ ಅದರ ಕಾಲು ಭಾಗಕ್ಕೆ ಇಳಿಯುತ್ತದೆ. ಈ ಇಳಿಕೆ ಮಾಡೆಲ್‌ನ ಒಂದೇ ಚೌಕದೊಳಗೆ ಅಡಗಿಹೋಗಿದೆ.

ಅದಕ್ಕೆ ಮಾಡೆಲ್‌ನ ಮಳೆಯನ್ನು ನೇರವಾಗಿ ತೋಟದ ಡೈರಿಯ ಜೊತೆ ಹೋಲಿಸಬೇಡಿ. ಹೋಲಿಸಬೇಕಾದದ್ದು ಬದಲಾವಣೆ: ಪ್ಲಿಯೋಸೀನ್ ಓಟದ ಜೂನ್–ಸೆಪ್ಟೆಂಬರ್ ಮಳೆಯನ್ನು ಅದೇ ಮಾಡೆಲ್‌ನ ಇ280 ಓಟದ ಮಳೆಯಿಂದ ಭಾಗಿಸಿ, ಬಂದ ಅನುಪಾತವನ್ನು ನಿಮ್ಮ ಅಳತೆಗೆ ಗುಣಿಸಿ. ಮುಂಗಾರಿಗೆ ಇದು ನಡೆಯುತ್ತದೆ. ಜನವರಿ, ಫೆಬ್ರವರಿಗೆ ನಡೆಯುವುದಿಲ್ಲ. 2 ಮಿ.ಮೀ. ಮಳೆ 6 ಮಿ.ಮೀ. ಆದರೆ ಅನುಪಾತ ಮೂರು ಪಟ್ಟು ಎಂದು ತೋರಿಸುತ್ತದೆ, ಅದಕ್ಕೆ ಅರ್ಥವಿಲ್ಲ. ಕಾಫಿಯ ಹೂಮಳೆಯ ಬಗ್ಗೆ ಕೇಳುವವರಿಗೂ ಇದೇ ಉತ್ತರ: ಮಾರ್ಚ್, ಏಪ್ರಿಲ್‌ನ ಗುಡುಗು ಮಳೆ ಈ ಗ್ರಿಡ್‌ನಲ್ಲಿ ಬರೇ ಅಂದಾಜಿನ ಸೂತ್ರ. ಅದರ ಮೇಲೆ ಏನನ್ನೂ ಕಟ್ಟಬೇಡಿ.

ಆಗ ಮುಂಗಾರು ಜೋರಾಗಿತ್ತೇ?

ಹೆಚ್ಚಿನ ಮಾಡೆಲ್‌ಗಳು ಹೌದು ಎನ್ನುತ್ತವೆ. ಆದರೆ ‘ಬಿಸಿ ಗಾಳಿ ಡಿಗ್ರಿಗೆ ಶೇ. 7 ಹೆಚ್ಚು ಆವಿ ಹಿಡಿಯುತ್ತದೆ, ಮಳೆಯೂ ಅಷ್ಟೇ ಹೆಚ್ಚಬೇಕು’ ಎಂಬ ಲೆಕ್ಕ ಸರಿಯಲ್ಲ. ಪ್ಲಿಯೋಮಿಪ್‌ನಲ್ಲಿ 3.2 ಡಿಗ್ರಿಗೆ ಜಾಗತಿಕ ಮಳೆ ಹೆಚ್ಚಿದ್ದು ಒಟ್ಟು ಶೇ. 7 ಮಾತ್ರ, ಡಿಗ್ರಿಗೆ ಶೇ. 2ರ ಚಿಲ್ಲರೆ. ಆವಿ ಹೆಚ್ಚಾದರೂ ಉಷ್ಣವಲಯದ ಗಾಳಿಯ ಸುತ್ತಾಟ ಸಡಿಲವಾಗುತ್ತದೆ. ಇದಲ್ಲದೆ, ಇಂದಿನ ಮುಂಗಾರನ್ನು ತೋರಿಸುವಾಗಲೇ ಅನೇಕ ಮಾಡೆಲ್‌ಗಳು ಭಾರತದ ನೆಲಕ್ಕೆ ಮಳೆ ಕಡಿಮೆ, ಹಿಂದೂ ಮಹಾಸಾಗರದ ಮೇಲೆ ಜಾಸ್ತಿ ಸುರಿಸುತ್ತವೆ. ಮಾಡೆಲ್ ಆರಿಸುವಾಗ ಮೊದಲು ಅದರ ಇ280 ಓಟದ ಮುಂಗಾರನ್ನು ನೋಡಿ. ಅಲ್ಲೇ ದಿಕ್ಕು ತಪ್ಪಿದ್ದರೆ ಮುಂದಕ್ಕೆ ಹೋಗುವುದರಲ್ಲಿ ಫಲವಿಲ್ಲ.

ಪಕ್ಕದ ಕಡಲಿನ ಉಷ್ಣತೆಯನ್ನು ಸಾಕ್ಷ್ಯದೊಂದಿಗೆ ತಾಳೆ ನೋಡುವಾಗ ಒಂದು ಎಚ್ಚರ. ಪಾಚಿಗಳು ಬಿಟ್ಟುಹೋದ ಆಲ್ಕೀನೋನ್ ಎಂಬ ಕೊಬ್ಬಿನಿಂದ ಹಳೆಯ ಕಡಲ ಉಷ್ಣತೆ ತಿಳಿಯುವ ವಿಧಾನ 28 ಡಿಗ್ರಿ ದಾಟಿದ ಮೇಲೆ ಕೆಲಸ ಮಾಡುವುದಿಲ್ಲ, ಅದರ ಸೂಚ್ಯಂಕ 1ಕ್ಕೆ ಮುಟ್ಟಿ ನಿಂತುಬಿಡುತ್ತದೆ. ಉಷ್ಣವಲಯದ ಬಿಸಿ ಕಡಲಿನಲ್ಲಿ ಮಾಡೆಲ್ 30 ಡಿಗ್ರಿ ತೋರಿಸಿ, ಆಲ್ಕೀನೋನ್ 28 ತೋರಿಸಿದರೆ ತಪ್ಪು ಮಾಡೆಲ್‌ನದ್ದೇ ಆಗಿರಬೇಕಿಲ್ಲ.

ಆ ಕಾಲದ ಗುರುತು ಕೊಡಗಿನ ಮಣ್ಣಿನಲ್ಲೇ ಸಿಗುತ್ತದೆಯೇ?

ಆಸೆ ಇಟ್ಟುಕೊಳ್ಳಬೇಡಿ. ಇಷ್ಟು ಮಳೆಗೆ, ಹುಳಿ ಕೆಂಪು ಮಣ್ಣಿಗೆ ಪರಾಗ, ಎಲೆ, ಮೂಳೆ ಯಾವುದೂ ಲಕ್ಷಾಂತರ ವರ್ಷ ಉಳಿಯುವುದಿಲ್ಲ. ಘಟ್ಟ ಮಾತ್ರ ಆಗಲೂ ಇತ್ತು, ಅದರ ವಯಸ್ಸಿನ ಮುಂದೆ ಮೂವತ್ತು ಲಕ್ಷ ವರ್ಷ ದೊಡ್ಡದೇನಲ್ಲ. ನಮ್ಮ ಕಡೆಯ ದಾಖಲೆ ಹುಡುಕಬೇಕಾದದ್ದು ಕಡಲತಳದಲ್ಲಿ. 2015ರಲ್ಲಿ ಅಂತರರಾಷ್ಟ್ರೀಯ ಕಡಲತಳ ಕೊರೆತದ 355ನೇ ಯಾನ ಅರಬ್ಬಿ ಸಮುದ್ರದ ಲಕ್ಷ್ಮಿ ಕೊಳ್ಳದಲ್ಲಿ ಕೆಸರಿನ ಕಂಬಗಳನ್ನು ತೆಗೆದದ್ದು ಇಂಥದ್ದಕ್ಕೇ.

ಕಳೆದ ಅಂತರಹಿಮಯುಗದ ಡೇಟಾದಲ್ಲಿ ಅಕ್ಟೋಬರ್ ಮಳೆ ವಿಚಿತ್ರವಾಗಿ ಬರುತ್ತದೆ, ಯಾಕೆ?

ಕ್ಯಾಲೆಂಡರಿನ ಬಲೆ. 1.27 ಲಕ್ಷ ವರ್ಷ ಹಿಂದೆ ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುತ್ತಿದ್ದದ್ದು ಜೂನ್ ಹೊತ್ತಿಗೆ. ಇಂದು ಜನವರಿಯಲ್ಲಿ. ಹತ್ತಿರ ಇದ್ದಾಗ ಭೂಮಿ ವೇಗವಾಗಿ ಸಾಗುತ್ತದೆ, ಬೇಸಿಗೆ ಚಿಕ್ಕದಾಗುತ್ತದೆ. ಮಾರ್ಚ್ 21ನ್ನು ಎರಡೂ ಕಡೆ ಒಂದೇ ಎಂದು ಇಟ್ಟರೆ, ಸೆಪ್ಟೆಂಬರ್ ವಿಷುವ ಆಗ ಇಂದಿಗಿಂತ ಹತ್ತು ದಿನಕ್ಕೂ ಮುಂಚೆ ಬಂದುಬಿಡುತ್ತದೆ. ಮಾಡೆಲ್ ಮಾತ್ರ ತನ್ನ ಪಾಡಿಗೆ 31 ದಿನದ ಅಕ್ಟೋಬರನ್ನು ಸರಾಸರಿ ಹಾಕಿ ಇಟ್ಟಿರುತ್ತದೆ. ನೀವು ತುಲಾ ಸಂಕ್ರಮಣದ ಹೊತ್ತಿನ ಮಳೆ ಎಂದುಕೊಂಡು ನೋಡುತ್ತಿರುವುದು ಋತುವಿನ ಲೆಕ್ಕದಲ್ಲಿ ಅದಕ್ಕಿಂತ ಮುಂದಿನದು. ತಿಂಗಳ ಸರಾಸರಿಗಳನ್ನು ಕಕ್ಷೆಯ ಕೋನಕ್ಕೆ ಹೊಂದಿಸುವ ಸಿದ್ಧ ತಂತ್ರಾಂಶ ಇದೆ, ಹೆಸರು ಪೇಲಿಯೋಕ್ಯಾಲ್‌ಅಡ್ಜಸ್ಟ್. ದಿನದ ಡೇಟಾ ಸಿಕ್ಕರೆ ನೀವೇ ಮತ್ತೆ ಸರಾಸರಿ ಹಾಕಬಹುದು. ಕೆಎಂ5ಸಿಗೆ ಈ ಕಾಟ ಇಲ್ಲ.

ಕಾಲೇಜಿನ ಲ್ಯಾಪ್‌ಟಾಪ್‌ನಲ್ಲಿ ಏನು ಮಾಡಬಹುದು?

ಪೂರ್ತಿ ಹವಾಮಾನ ಮಾಡೆಲ್ ಓಡಿಸಲಾಗದು. ಒಂದು ಡಿಗ್ರಿ ಮಾಡೆಲ್ ನೂರಾರು ಪ್ರೊಸೆಸರ್‌ಗಳ ಮೇಲೂ ದಿನಕ್ಕೆ ಹತ್ತಿಪ್ಪತ್ತು ಮಾಡೆಲ್ ವರ್ಷ ಸಾಗುತ್ತದೆ. ಕಡಲಿನ ಆಳ ಸಮತೋಲಕ್ಕೆ ಬರಲು ಕನಿಷ್ಠ 500 ವರ್ಷ ಓಡಬೇಕು. ಆದರೆ ಓಡಿಸಿದವರ ಫಲಿತಾಂಶ, ಹವಾಮಾನ ಮಾಡೆಲ್‌ಗಳ ಡೇಟಾ ಹಂಚುವ ಇಎಸ್‌ಜಿಎಫ್ ಜಾಲದಲ್ಲಿ ಉಚಿತವಾಗಿದೆ. ಪ್ರಯೋಗದ ಹೆಸರು ಮಿಡ್‌ಪ್ಲಿಯೋಸೀನ್-ಇಒಐ400, ಹೋಲಿಕೆಗೆ ಪಿಐಕಂಟ್ರೋಲ್, ಅಂತರಹಿಮಯುಗಕ್ಕೆ ಲಿಗ್127ಕೆ. ಮಳೆಯ ಚರ ‘ಪಿಆರ್’, ತಿಂಗಳ ಸರಾಸರಿ. ನೂರು ವರ್ಷದ ಮಳೆ ಕಡತ ಒಂದು ಡಿಗ್ರಿಯಲ್ಲಿ 250ರಿಂದ 300 ಎಂಬಿ. ಜೂನ್, ಜುಲೈನಲ್ಲಿ ಕರೆಂಟೂ ನೆಟ್‌ವರ್ಕೂ ಹೋಗಿ ಬಂದು ಮಾಡುವ ಕಡೆ ಬ್ರೌಸರ್‌ನಿಂದ ಇಳಿಸಬೇಡಿ. ಅದೇ ಜಾಲ ಕೊಡುವ ವಿಗೆಟ್ ಸ್ಕ್ರಿಪ್ಟ್ ಬಳಸಿ, ನಿಂತಲ್ಲಿಂದ ಮುಂದುವರಿಸಬಹುದು. ಇಳಿದ ಮೇಲೆ ಚೆಕ್‌ಸಮ್ (ಕಡತ ಪೂರ್ತಿ ಬಂದಿದೆಯೇ ಎಂದು ತಿಳಿಸುವ ಸಂಕೇತ) ತಾಳೆ ನೋಡಿ. ಅರ್ಧ ಇಳಿದ ಕಡತ ಕೆಲವೊಮ್ಮೆ ಸದ್ದಿಲ್ಲದೆ ತೆರೆದುಕೊಳ್ಳುತ್ತದೆ.

ಮುಂದಿನ ಕೆಲಸ ಇಂಥ ಕಡತಗಳ ಲೆಕ್ಕಕ್ಕೆಂದೇ ಇರುವ ಸಿಡಿಒ ಅಥವಾ ಪೈಥಾನಿನ ಎಕ್ಸ್‌ಅರೇಯಲ್ಲಿ. ಮೊದಲು ಎನ್‌ಸಿಡಂಪ್ ಎಂಬ ಆಜ್ಞೆಯಿಂದ ತಲೆಬರಹ ಓದಿ: ಏಕಮಾನ ಏನು, ಕ್ಯಾಲೆಂಡರ್ 365 ದಿನದ್ದೋ 360ರದ್ದೋ, ಖಾಲಿ ಜಾಗಕ್ಕೆ ಯಾವ ಅಂಕಿ. ಮಳೆಯ ಏಕಮಾನ ಸೆಕೆಂಡಿಗೆ ಚದರ ಮೀಟರಿಗೆ ಕಿಲೋಗ್ರಾಂ ಇರುತ್ತದೆ. 86,400ರಿಂದ ಗುಣಿಸಿದರೆ ದಿನಕ್ಕೆ ಮಿ.ಮೀ. ಮುಂಗಾರಿನ 122 ದಿನಕ್ಕೆ ಗುಣಿಸಿ 25.4ರಿಂದ ಭಾಗಿಸಿದರೆ ಇಂಚು. ದಿನಕ್ಕೆ 3 ಮಿ.ಮೀ. ಹೆಚ್ಚಾದರೆ ಆ ನಾಲ್ಕು ತಿಂಗಳಿಗೆ 14 ಇಂಚು ಚಿಲ್ಲರೆ. ಬೇರೆ ಬೇರೆ ಮಾಡೆಲ್‌ಗಳನ್ನು ಒಂದೇ ಗ್ರಿಡ್‌ಗೆ ತರುವಾಗ ಮಳೆಗೆ ಅಕ್ಕಪಕ್ಕದ ಬೆಲೆಗಳಿಂದ ಅಂದಾಜಿಸುವ ಬೈಲೀನಿಯರ್ ವಿಧಾನ ಬೇಡ, ಒಟ್ಟು ನೀರನ್ನು ಕಾಪಾಡುವ, ಸಿಡಿಒದ ರೀಮ್ಯಾಪ್‌ಕಾನ್ ಬಳಸಿ. ಕೊಡಗಿನ ಒಂದೇ ಚೌಕ ಕತ್ತರಿಸಿ ನಕ್ಷೆ ಬರೆಯುವ ಬದಲು 8ರಿಂದ 16 ಉತ್ತರ, 72ರಿಂದ 80 ಪೂರ್ವದ ಹರವು ನೋಡಿ. ಓಟ ಸಮತೋಲಕ್ಕೆ ಬಂದಿದೆಯೇ ಎಂದು ತಿಳಿಯಲು ಕೊನೆಯ ನೂರು ವರ್ಷದ ಜಾಗತಿಕ ಕಡಲ ಉಷ್ಣತೆಯ ಗೆರೆ ಎಳೆಯಿರಿ. ಶತಮಾನಕ್ಕೆ 0.05 ಡಿಗ್ರಿಗಿಂತ ಕಡಿಮೆ ಏರಿಳಿದರೆ ಒಪ್ಪಬಹುದು.

ಡೈಆಕ್ಸೈಡ್ ಆಗಲೇ 420 ದಾಟಿದೆ. ಹಾಗಾದರೆ 2100ಕ್ಕೆ ಕಡಲು 16 ಮೀಟರ್ ಏರುತ್ತದಾ?

ಇಲ್ಲ. ಪ್ಲಿಯೋಸೀನ್ ಅಂಕಿ ಸಾವಿರಾರು ವರ್ಷ ಬಿಸಿಯಲ್ಲೇ ಕೂತ ಭೂಮಿಯದ್ದು. ಹಿಮಕ್ಕೆ ಕರಗಲು ಹೊತ್ತು ಬೇಕು. ಹವಾಮಾನ ಬದಲಾವಣೆಯ ಕುರಿತ ವಿಶ್ವಸಂಸ್ಥೆಯ ಸಮಿತಿ ಐಪಿಸಿಸಿಯ ಆರನೇ ವರದಿ ಪ್ರಕಾರ 2100ರ ಹೊತ್ತಿಗೆ ಏರಿಕೆ, 1995ರಿಂದ 2014ರ ಸರಾಸರಿಗೆ ಹೋಲಿಸಿ, ಅತಿ ಕಡಿಮೆ ಹೊಗೆಯ ದಾರಿಯಲ್ಲಿ 0.28ರಿಂದ 0.55 ಮೀಟರ್, ಅತಿ ಹೆಚ್ಚಿನದರಲ್ಲಿ 0.63ರಿಂದ 1.01 ಮೀಟರ್. ಅದೇ ವರದಿ 2,000 ವರ್ಷದ ಲೆಕ್ಕ ಕೊಡುವಾಗ 2 ಡಿಗ್ರಿಗೆ 2ರಿಂದ 6 ಮೀಟರ್, 5 ಡಿಗ್ರಿಗೆ 19ರಿಂದ 22 ಮೀಟರ್ ಎನ್ನುತ್ತದೆ. ಪ್ಲಿಯೋಸೀನ್‌ನ ಜೊತೆ ಇಡಬೇಕಾದದ್ದು ಈ ಎರಡನೇ ಸಾಲನ್ನು.

ಹಿಮಹಾಳೆಯ ಮಾಡೆಲ್ ಆದರೂ ಮನೆಯಲ್ಲಿ ಓಡುತ್ತದೆಯೇ?

ಓಡುತ್ತದೆ. ಪಿಸ್ಮ್ ಎಂಬ ಮುಕ್ತ ತಂತ್ರಾಂಶದ ಕೈಪಿಡಿಯಲ್ಲಿ ಮೊದಲ ಉದಾಹರಣೆಯೇ ಗ್ರೀನ್‌ಲ್ಯಾಂಡ್, 20 ಕಿ.ಮೀ. ಗ್ರಿಡ್, ನಾಲ್ಕು ಕೋರ್‌ನ ಲ್ಯಾಪ್‌ಟಾಪ್ ಸಾಕು. ಲಿನಕ್ಸ್ ಬೇಕು. ಅದಕ್ಕೆ ಬೇಕಾದ ನೆಟ್‌ಸಿಡಿಎಫ್, ಪೆಟ್‌ಎಸ್‌ಸಿ ಎಂಬ ಪೂರಕ ತಂತ್ರಾಂಶಗಳನ್ನು ಮೊದಲು ಕೂರಿಸಬೇಕು, ಹೊಸಬರು ಸೋಲುವುದು ಬಹುತೇಕ ಇಲ್ಲೇ. ಇಂದಿನ ಹವಾಮಾನದಲ್ಲಿ ಸ್ಥಿರವಾಗುವ ತನಕ ಓಡಿಸಿ ಹಿಮದ ಒಟ್ಟು ಪ್ರಮಾಣ ಬರೆದುಕೊಳ್ಳಿ, ಆಮೇಲೆ ಉಷ್ಣತೆಯನ್ನು 1, 2, 3 ಡಿಗ್ರಿ ಎಂದು ಏರಿಸುತ್ತಾ ಹೋಗಿ. ಹಿಮದ ಪ್ರಮಾಣವನ್ನು ಗಿಗಾಟನ್‌ಗೆ ತಂದು 362ರಿಂದ ಭಾಗಿಸಿದರೆ ಕಡಲಮಟ್ಟದ ಮಿಲಿಮೀಟರ್ ಸಿಗುತ್ತದೆ. ತೇಲುವ ಹಿಮವನ್ನು ಮಾತ್ರ ಈ ಲೆಕ್ಕಕ್ಕೆ ಸೇರಿಸಬೇಡಿ.